ಜೋಡಿ ಕಟ್ಟುವವರ ಧರ್ಮ

೨೦೨೪ರ ನವೆಂಬರ್ ೧೬, ಶನಿವಾರ ಬೆಳಿಗ್ಗೆ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆವು. ಅಲ್ಲಿ ಮೂರು ತಲೆಮಾರಿನವರು ಒಟ್ಟಿಗೆ ಟೆಲಿವಿಷನ್ನಿನ ಮುಂದೆ ಕುಳಿತಿದ್ದರು. ಅಮೆರಿಕದ ಟೆಕ್ಸಾಸಿನಲ್ಲಿ ಆಗಿನ್ನೂ ಹಿಂದಿನ ದಿನದ ರಾತ್ರಿ. ಒಂದು ಕಾಲಕ್ಕೆ ಹೆಸರು ಕೇಳಿದರೇ ಎದುರಾಳಿಗಳು ಬೆವರುತ್ತಿದ್ದ ಮೈಕ್ ಟೈಸನ್, ತನಗಿಂತ ೩೧ ವರ್ಷ ಕಿರಿಯನಾದ ಜೇಕ್ ಪಾಲ್‌ನ ಎದುರು ಬಾಕ್ಸಿಂಗ್ ಕಣಕ್ಕೆ ಇಳಿದಿದ್ದ. ಟೈಸನ್‌ಗೆ ೫೮ ವರ್ಷ, ಪಾಲ್‌ಗೆ ೨೭. ಮೂರು ನಿಮಿಷಗಳ ಸುತ್ತನ್ನು ಎರಡು ನಿಮಿಷಕ್ಕೆ ಇಳಿಸಿ, ಅಂಥ ಎಂಟು ಸುತ್ತುಗಳನ್ನು ಮಾತ್ರ ಇಟ್ಟಿದ್ದರು. ಮೊದಮೊದಲು ಹಳೆಯ ಹುಲಿ ಒಮ್ಮೆ ಗುಟುರು ಹಾಕಿತು. ಆಮೇಲೆ ಅದರ ಕಾಲುಗಳು ಸೋತವು. ಮೂವರು ತೀರ್ಪುಗಾರರೂ ಪಾಲ್ ಗೆದ್ದನೆಂದು ಸಾರಿದರು.

"ಅಜ್ಜನ ವಯಸ್ಸಿನವರನ್ನು ಹೊಡೆದು ಗೆದ್ದರೆ ಅದೂ ಒಂದು ಗೆಲುವೇ ಅಜ್ಜಾ?" ಎಂದು ಮೊಮ್ಮಗ ಕೇಳಿದ. "ಹೊಡೆಸಿಕೊಳ್ಳಲು ಹೋದವನೂ ಬೇಡ ಅನ್ನಲಿಲ್ಲವಲ್ಲ ಮಗೂ, ಕೋಟಿಗಟ್ಟಲೆ ಹಣ ಎಣಿಸಿಕೊಂಡಿದ್ದಾನೆ" ಎಂದರು ಹಿರಿಯರು. ಕಾಫಿ ತಂದ ಆ ಮನೆಯ ಸೊಸೆ ಲೋಟಗಳನ್ನು ಇಡುತ್ತ, "ಬೆಳಿಗ್ಗೆ ಎದ್ದು ಅದನ್ನು ನೋಡಲು ಕೂತವರು ನೀವೇ ಅಲ್ಲವೇ ಮಾವಾ?" ಎಂದರು. ಎಲ್ಲರೂ ನಕ್ಕೆವು. ಆದರೆ ಮನೆಗೆ ಮರಳುವಾಗ ಆ ಮೂರು ಮಾತುಗಳೂ ನಮ್ಮ ಜೊತೆಯಲ್ಲೇ ಬಂದವು. ಮೂರರಲ್ಲೂ ನಿಜವಿತ್ತು.

ಪ್ರಶ್ನೆ ಹಳೆಯದು. ಏಳುತ್ತಿರುವ ಮುಷ್ಟಿಮಲ್ಲನೊಬ್ಬ ಯಾರೊಡನೆ ಕಾದಬೇಕು? ಒಮ್ಮೆ ಮೆರೆದು ಈಗ ಕಳೆಗುಂದಿರುವ ಹಿರಿಯನೊಡನೆಯೇ, ಇಲ್ಲವೇ ಇಂದು ಶಿಖರದಲ್ಲಿ ನಿಂತಿರುವ ಬಲಶಾಲಿಯೊಡನೆಯೇ? ಮೇಲುನೋಟಕ್ಕೆ ಇದು ಕ್ರೀಡಾಪುಟದ ವಿಷಯ. ಸ್ವಲ್ಪ ಕೆದಕಿದರೆ, ಕಿರಿಯರು ಹಿರಿಯರ ಹೆಗಲೇರಿ ಮೇಲೆ ಹೋಗುವುದರಲ್ಲಿ ಯಾವುದು ಧರ್ಮ, ಯಾವುದು ಅಧರ್ಮ ಎಂಬ ಪ್ರಶ್ನೆ ಅದರಡಿಯಲ್ಲಿದೆ.

ಮೊದಲು ಆ ವೃತ್ತಿಯ ರೀತಿಯನ್ನು ಅರಿಯಬೇಕು. ರಣಜಿ ಪಂದ್ಯಾವಳಿಯಲ್ಲಿ ಕರ್ನಾಟಕ ತಂಡ ಯಾರೊಡನೆ ಆಡಬೇಕೆಂಬುದನ್ನು ಮಂಡಳಿ ಗೊತ್ತು ಮಾಡುತ್ತದೆ. ಒಲಿಂಪಿಕ್ಸಿನ ಬಾಕ್ಸಿಂಗಿನಲ್ಲಿ ಎದುರಾಳಿ ಚೀಟಿ ಎತ್ತಿ ಬರುತ್ತಾನೆ. ಹಣಕ್ಕಾಗಿ ನಡೆಯುವ ವೃತ್ತಿ ಬಾಕ್ಸಿಂಗಿನಲ್ಲಿ ಹಾಗಿಲ್ಲ. ಅಲ್ಲಿ ಪ್ರತಿಯೊಂದು ಪಂದ್ಯವೂ ಎರಡು ಪಕ್ಷಗಳ ನಡುವಣ ಕರಾರು. ಯಾರ ಎದುರಿಗೆ ಯಾರನ್ನು ನಿಲ್ಲಿಸಬೇಕು ಎಂಬುದನ್ನು ವ್ಯವಸ್ಥಾಪಕರು ಕುಳಿತು ಆರಿಸುತ್ತಾರೆ. ಹುಡುಗನ ಹೆಸರಿನ ಮುಂದೆ ಸೋಲಿನ ಅಂಕಣದಲ್ಲಿ ಸೊನ್ನೆ ಇರುವಷ್ಟು ಕಾಲವೂ ಅವನ ಬೆಲೆ ಏರುತ್ತದೆ. ಅಂಥ ಹುಡುಗನಿಗೆ ಹಳೆಯ ಚಾಂಪಿಯನ್ನನೊಬ್ಬ ಸಿಕ್ಕರೆ ಇನ್ನೇನು ಬೇಕು! ಅಪಾಯ ಕಡಿಮೆ, ಹೆಸರು ದೊಡ್ಡದು. ಭಿತ್ತಿಪತ್ರದಲ್ಲಿ ಅಚ್ಚಾಗುವುದು ಹಿರಿಯನ ಅಂದಿನ ಹೆಸರು, ಕಣಕ್ಕೆ ಬರುವುದು ಅವನ ಇಂದಿನ ದೇಹ. ಈ ಎರಡರ ನಡುವಣ ಅಂತರವೇ ವ್ಯಾಪಾರಿಯ ಲಾಭ.

ಹಾಗೆಂದು ಎದುರಾಳಿಯನ್ನು ಆರಿಸುವುದೇ ತಪ್ಪು ಎನ್ನಲಾಗದು. ಈಜು ಕಲಿಯುವ ಮಗುವನ್ನು ಯಾರೂ ತುಂಬಿದ ಹೊಳೆಗೆ ನೂಕುವುದಿಲ್ಲ. ೧೯೫೬ರ ಒಲಿಂಪಿಕ್ಸಿನಲ್ಲಿ ಹೆವಿವೇಟ್ ಚಿನ್ನ ಗೆದ್ದ ಪೀಟ್ ರ‍್ಯಾಡಮೇಕರ್ ೧೯೫೭ರಲ್ಲಿ ತನ್ನ ವೃತ್ತಿ ಜೀವನದ ಮೊದಲನೆಯ ಪಂದ್ಯದಲ್ಲೇ ವಿಶ್ವ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್ನನನ್ನು ಎದುರಿಸಿದ. ಎರಡನೆಯ ಸುತ್ತಿನಲ್ಲಿ ಚಾಂಪಿಯನ್ನನನ್ನು ಒಮ್ಮೆ ನೆಲಕ್ಕೆ ಕೆಡವಿದ್ದೂ ನಿಜ. ಆದರೆ ಆಮೇಲೆ ಮತ್ತೆ ಮತ್ತೆ ತಾನೇ ಕೆಳಗುರುಳಿ ಆರನೆಯ ಸುತ್ತಿನಲ್ಲಿ ಸೋತ. ಧೈರ್ಯವಿತ್ತು, ಮೆಟ್ಟಿಲುಗಳಿರಲಿಲ್ಲ. ಇನ್ನೊಂದು ಕಡೆ, ಎರಡು ಒಲಿಂಪಿಕ್ ಚಿನ್ನಗಳನ್ನು ಗೆದ್ದು ಬಂದ ಉಕ್ರೇನಿನ ವಾಸಿಲ್ ಲೊಮಚೆಂಕೊ ೨೦೧೪ರಲ್ಲಿ ತನ್ನ ಎರಡನೆಯ ವೃತ್ತಿ ಪಂದ್ಯದಲ್ಲೇ ವಿಶ್ವ ಪಟ್ಟಕ್ಕಾಗಿ ಪಳಗಿದ ಒರ್ಲಾಂಡೊ ಸಲಿಡೋನನ್ನು ಎದುರಿಸಿ ಸೋತ. ಅದೇ ವರ್ಷ ಮೂರನೆಯ ಪಂದ್ಯದಲ್ಲಿ ಗ್ಯಾರಿ ರಸೆಲ್ಲನನ್ನು ಸೋಲಿಸಿ ಪಟ್ಟ ಗೆದ್ದ. ಸೊನ್ನೆ ಅಳಿಸಿ ಹೋದುದಕ್ಕೆ ಅವನೇನೂ ಕುಗ್ಗಲಿಲ್ಲ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯಲು ಬರುವುದಿಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಹಿರಿಯನೊಡನೆ ಕಾದುವುದರಲ್ಲಿ ವಿದ್ಯೆಯೂ ಉಂಟು. ೧೯೩೬ರ ಜೂನಿನಲ್ಲಿ ೨೨ ವರ್ಷದ ಜೋ ಲೂಯಿಸ್‌ನ ಎದುರಿಗೆ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು ತಂದು ನಿಲ್ಲಿಸಿದರು. ಶ್ಮೆಲಿಂಗ್ ಮಾಜಿ ಚಾಂಪಿಯನ್. ೩೦ ವರ್ಷದ ಅವನ ಕಾಲ ಮುಗಿಯಿತೆಂದೇ ಬಹಳ ಮಂದಿ ಎಣಿಸಿದ್ದರು. ಆದರೆ ಅವನು ಲೂಯಿಸ್‌ನ ಆಟವನ್ನು ಕಣ್ಣಿಟ್ಟು ಓದಿದ್ದ. ಎಡಗೈಯಿಂದ ತಿವಿದ ಮೇಲೆ ಹುಡುಗ ಆ ಕೈಯನ್ನು ಕೆಳಗೆ ಬಿಡುತ್ತಾನೆಂಬುದನ್ನು ಕಂಡುಕೊಂಡು, ಆ ಸಂದಿನಲ್ಲಿ ತನ್ನ ಬಲಗೈ ಏಟನ್ನು ಮತ್ತೆ ಮತ್ತೆ ಇಳಿಸಿದ. ೧೨ನೆಯ ಸುತ್ತಿನಲ್ಲಿ ಲೂಯಿಸ್ ನೆಲಕ್ಕುರುಳಿದ. ಎರಡು ವರ್ಷಗಳ ನಂತರ, ೧೯೩೮ರಲ್ಲಿ, ಅದೇ ಲೂಯಿಸ್ ಅದೇ ಶ್ಮೆಲಿಂಗ್‌ನನ್ನು ಮೊದಲ ಸುತ್ತಿನಲ್ಲೇ, ೨ ನಿಮಿಷ ೪ ಸೆಕೆಂಡಿನಲ್ಲಿ ಮುಗಿಸಿದ. ನಡುವೆ ಕಲಿತದ್ದು ಏನೆಂದು ಹೇಳಬೇಕಾಗಿಲ್ಲ. ಮುಗಿದುಹೋದನೆಂದು ಲೋಕ ಬಗೆದ ಹಿರಿಯ, ತನ್ನೊಳಗೆ ಇನ್ನೂ ಉಳಿದಿದ್ದುದರಿಂದಲೇ ಗುರುವಾದ.

ಕ್ಯಾಷಿಯಸ್ ಕ್ಲೇ, ಎಂದರೆ ಮುಂದೆ ಮಹಮ್ಮದ್ ಅಲಿ ಆದವನು, ಏರಿದ ದಾರಿಯನ್ನೂ ನೋಡಬಹುದು. ೧೯೬೨ರ ನವೆಂಬರಿನಲ್ಲಿ ೨೦ ವರ್ಷದ ಅವನು ೪೫ಕ್ಕೆ ಕಡಿಮೆಯಿಲ್ಲದ ವಯಸ್ಸಿನ ಆರ್ಚಿ ಮೂರ್‌ನನ್ನು ನಾಲ್ಕನೆಯ ಸುತ್ತಿನಲ್ಲಿ ಸೋಲಿಸಿದ. ಒಂದಾನೊಂದು ಕಾಲದಲ್ಲಿ ಕ್ಲೇ ಕೆಲವು ದಿನ ಶಿಷ್ಯನಾಗಿ ಹೋಗಿದ್ದದ್ದು ಇದೇ ಮೂರ್‌ನ ಬಳಿಗೆ! ಅದು ಸರಿಸಾಟಿಯ ಪಂದ್ಯವಾಗಿರಲಿಲ್ಲ. ಆದರೆ ಕ್ಲೇ ಅಲ್ಲಿಯೇ ಕೂತು ಬಿಡಲಿಲ್ಲ. ಮರುವರ್ಷ ಡಗ್ ಜೋನ್ಸ್ ಅವನನ್ನು ಹತ್ತು ಸುತ್ತು ಬೆವರಿಳಿಸಿದ. ಲಂಡನ್ನಿನಲ್ಲಿ ಹೆನ್ರಿ ಕೂಪರ್ ಒಂದೇ ಎಡಗೈ ಏಟಿಗೆ ಅವನನ್ನು ನೆಲಕ್ಕೆ ಕೂರಿಸಿದ. ೧೯೬೪ರ ಫೆಬ್ರವರಿಯಲ್ಲಿ, ಯಾರೂ ಎದುರಿಸಲು ಅಂಜುತ್ತಿದ್ದ ಸನ್ನಿ ಲಿಸ್ಟನ್‌ನ ಮುಂದೆ ನಿಂತು ಗೆದ್ದು ವಿಶ್ವ ಚಾಂಪಿಯನ್ ಆದ. ಮೂರ್‌ನಿಂದ ಲಿಸ್ಟನ್‌ವರೆಗೆ ಹದಿನೈದು ತಿಂಗಳು. ಹಿರಿಯನನ್ನು ಅವನು ಮೆಟ್ಟಿಲಾಗಿಸಿಕೊಂಡ, ಪೀಠವಾಗಿಸಿಕೊಳ್ಳಲಿಲ್ಲ.

ಈಗ ನಾಣ್ಯದ ಮತ್ತೊಂದು ಮುಖ. ೧೯೩೭ರಿಂದ ೧೯೪೯ರವರೆಗೆ ಪಟ್ಟವನ್ನು ಬಿಟ್ಟುಕೊಡದೆ ೨೫ ಬಾರಿ ಕಾಯ್ದುಕೊಂಡ ಆ ಜೋ ಲೂಯಿಸ್, ಯುದ್ಧದ ವರ್ಷಗಳಲ್ಲಿ ಎರಡು ಪಂದ್ಯಗಳ ತನ್ನ ಸಂಪಾದನೆಯನ್ನು ಸೈನ್ಯ ಮತ್ತು ನೌಕಾದಳದ ಪರಿಹಾರ ನಿಧಿಗಳಿಗೆ ಕೊಟ್ಟಿದ್ದ. ಆದರೂ ತೆರಿಗೆಯ ಸಾಲ ಅವನ ಬೆನ್ನು ಬಿಡಲಿಲ್ಲ. ವಿಶ್ರಾಂತಿಗೆ ಹೋದವನು ಮತ್ತೆ ಕೈಗವಸು ತೊಡಬೇಕಾಯಿತು. ೧೯೫೧ರ ಅಕ್ಟೋಬರ್ ೨೬ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ೩೭ ವರ್ಷದ ಲೂಯಿಸ್ ಅದುವರೆಗೆ ಸೋಲನ್ನೇ ಕಾಣದ ೨೮ ವರ್ಷದ ರಾಕಿ ಮಾರ್ಸಿಯಾನೊನನ್ನು ಎದುರಿಸಿದ. ಎಂಟನೆಯ ಸುತ್ತಿನಲ್ಲಿ ಲೂಯಿಸ್ ಹಗ್ಗಗಳ ನಡುವೆ ಹೊರಕ್ಕೆ ಉರುಳಿ ಬಿದ್ದ. ಅದೇ ಅವನ ಕೊನೆಯ ಪಂದ್ಯ. ಮಾರ್ಸಿಯಾನೊಗೆ ಲೂಯಿಸ್ ಆರಾಧ್ಯನಾಗಿದ್ದ. ಗೆದ್ದವನು ಒಳಗೆ ಹೋಗಿ ಅತ್ತ.

೧೯೮೦ರ ಅಕ್ಟೋಬರಿನಲ್ಲಿ ಲಾಸ್ ವೇಗಸಿನಲ್ಲಿ ಇದೇ ಕಥೆ ಮತ್ತೆ ನಡೆಯಿತು. ಲ್ಯಾರಿ ಹೋಮ್ಸ್ ಹಿಂದೆ ಮಹಮ್ಮದ್ ಅಲಿಯ ಅಭ್ಯಾಸದ ಜೊತೆಗಾರನಾಗಿ ಕೂಲಿ ಪಡೆದು ಏಟು ತಿಂದು ಕಲಿತವನು. ಈಗ ಅವನೇ ಚಾಂಪಿಯನ್. ಅಲಿಗೆ ೩೮ ವರ್ಷ. ಎರಡು ವರ್ಷದ ವಿರಾಮದ ನಂತರ ಬಂದ ಅಲಿಯ ದೇಹ ಹೊರನೋಟಕ್ಕೆ ಸಪೂರವಾಗಿತ್ತು, ಒಳಗೆ ಶಕ್ತಿಯೇ ಇರಲಿಲ್ಲ. ಸುತ್ತಿನ ಮೇಲೆ ಸುತ್ತು ಅವನು ಏಟು ತಿನ್ನುತ್ತ ನಿಂತ. ಹೊಡೆಯಲು ಮನಸ್ಸಿಲ್ಲದ ಹೋಮ್ಸ್ ಪಂದ್ಯ ನಿಲ್ಲಿಸುವಂತೆ ರೆಫರಿಯ ಕಡೆಗೆ ನೋಡುತ್ತಿದ್ದ. ಕೊನೆಗೆ ಹತ್ತನೆಯ ಸುತ್ತಿನ ಮೇಲೆ ಅಲಿಯ ಗುರು ಆ್ಯಂಜೆಲೊ ಡಂಡೀ "ಇನ್ನು ಸಾಕು" ಎಂದು ನಿಲ್ಲಿಸಿದ. ಇಲ್ಲಿಯೂ ಗೆದ್ದವನೇ ಅತ್ತ. ೧೯೮೪ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆಯಿದೆಯೆಂದು ವೈದ್ಯರು ತಿಳಿಸಿದರು. ಆ ರಾತ್ರಿಯ ಏಟುಗಳಿಗೂ ಈ ಕಾಯಿಲೆಗೂ ಎಷ್ಟು ಸಂಬಂಧವೆಂದು ತಕ್ಕಡಿ ಹಿಡಿದು ಹೇಳುವುದು ನಮ್ಮಿಂದಾಗದು. ಆದರೆ ಆ ಏಟುಗಳು ಬೇಕಿರಲಿಲ್ಲ ಎಂದು ಹೇಳಲು ತಕ್ಕಡಿ ಬೇಡ.

ಚಕ್ರ ಅಲ್ಲಿಗೂ ನಿಲ್ಲಲಿಲ್ಲ. ೧೯೮೮ರ ಜನವರಿಯಲ್ಲಿ ಹೋಮ್ಸ್‌ಗೂ ಅದೇ ೩೮ ವರ್ಷವಾಗಿತ್ತು. ಅವನನ್ನು ನಾಲ್ಕನೆಯ ಸುತ್ತಿನಲ್ಲಿ ಕೆಡವಿದವನು ೨೧ ವರ್ಷದ ಮೈಕ್ ಟೈಸನ್. ಆ ಟೈಸನ್‌ನನ್ನೇ ನಾವು ೨೦೨೪ರ ಆ ಶನಿವಾರ ಕಂಡದ್ದು. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಕಣದಲ್ಲಿ ಚಿಗುರೆಲೆ ನಗಲೂ ಇಲ್ಲ, ಅತ್ತಿತು. ಏಕೆ?

ನಮಗೆ ತೋರುವುದಿಷ್ಟು. ಗೆಲುವೆಂಬುದು ಸೋಲುವ ಸಾಧ್ಯತೆಯಿಂದ ಹುಟ್ಟುವ ವಸ್ತು. ಎದುರಾಳಿ ಗೆಲ್ಲಬಹುದಾಗಿದ್ದರೆ ಮಾತ್ರ ನಾವು ಗೆದ್ದದ್ದು ಗೆಲುವು. ಅಳಿದೂರಿಗೆ ಉಳಿದವನೇ ಗೌಡ ಎಂದು ಗಾದೆ ಇದೆ. ಆ ಗೌಡಿಕೆಯ ರುಚಿ ಎಂಥದೆಂದು ಮಾರ್ಸಿಯಾನೊ ಮತ್ತು ಹೋಮ್ಸ್ ಆ ರಾತ್ರಿಗಳಲ್ಲಿ ತಿಳಿದರು. ಅವರು ಕಟುಕರಾಗಿರಲಿಲ್ಲ, ಆದ್ದರಿಂದಲೇ ಅಳು ಬಂತು. ಕಿರಿಯನಿಗೆ ಅಂಥ ಪಂದ್ಯದಿಂದ ವಿದ್ಯೆಯೂ ಸಿಗದು, ಗೌರವವೂ ಸಿಗದು. ಹಿರಿಯನಿಂದ ಮಾತ್ರ ಏನೋ ಒಂದು ಕಳೆದುಹೋಗುತ್ತದೆ. ಜರಾಸಂಧನಂಥ ದುಷ್ಟನೂ ಕೃಷ್ಣ, ಅರ್ಜುನ, ಭೀಮ ಈ ಮೂವರಲ್ಲಿ ಯಾರೊಡನೆ ಕಾದುವೆ ಎಂದು ಕೇಳಿದಾಗ ತನಗೆ ಸರಿಸಾಟಿಯೆಂದು ಭೀಮನನ್ನೇ ಆರಿಸಿಕೊಂಡ. ಹಗುರವಾದ ಗೆಲುವು ಅವನಿಗೂ ಬೇಡವಾಗಿತ್ತು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಎರಡನ್ನೂ ಬದಿಗೆ ತಳ್ಳುವಂತಿಲ್ಲ.

ಒಂದು, ಹಿರಿಯನ ಕಡೆಯಿಂದ ಬರುವುದು. "ನನ್ನ ಕಾಲ ಮುಗಿಯಿತೆಂದು ಹೇಳಲು ನೀವು ಯಾರು?" ೧೯೯೪ರ ನವೆಂಬರಿನಲ್ಲಿ ಜಾರ್ಜ್ ಫೋರ್‌ಮನ್ ೪೫ನೆಯ ವಯಸ್ಸಿನಲ್ಲಿ, ೨೬ ವರ್ಷದ ಚಾಂಪಿಯನ್ ಮೈಕಲ್ ಮೂರರ್‌ನನ್ನು ಹತ್ತನೆಯ ಸುತ್ತಿನಲ್ಲಿ ನೆಲಕ್ಕೆ ಕೆಡವಿ ಮತ್ತೆ ಪಟ್ಟವೇರಿದ. ಅಂದು ಫೋರ್‌ಮನ್ನನನ್ನು ಕರುಣೆಯಿಂದ ಮನೆಗೆ ಕಳಿಸಿದ್ದರೆ ಅದು ಅನ್ಯಾಯವಾಗುತ್ತಿತ್ತು. ಜೊತೆಗೆ ಹೊಟ್ಟೆಯ ಪ್ರಶ್ನೆಯಿದೆ. ಮುಷ್ಟಿಮಲ್ಲನಿಗೆ ಪಿಂಚಣಿಯಿಲ್ಲ. ಬೇರೆ ಕಸುಬು ಕಲಿಯುವ ವಯಸ್ಸನ್ನು ಅವನು ಕಣದಲ್ಲಿ ಕಳೆದಿರುತ್ತಾನೆ. ಸಾಲಗಾರ ಬಾಗಿಲಲ್ಲಿ ನಿಂತಿರುವಾಗ "ಮಾನ ಉಳಿಸಿಕೋ" ಎಂದು ಹೊರಗಿನಿಂದ ಉಪದೇಶ ಮಾಡುವುದು ಸುಲಭ. ಲೂಯಿಸ್‌ಗೆ ಬೇಕಾಗಿದ್ದದ್ದು ಉಪದೇಶವಲ್ಲ, ಸಾಲದ ವಿಮೋಚನೆ.

ಇನ್ನೊಂದು ಕಿರಿಯನ ಕಡೆಯಿಂದ ಬರುವುದು. ಸರಿಸಾಟಿ ಎಂಬ ಮಾತನ್ನೇ ಬಾಗಿಲು ಮುಚ್ಚಲು ಅಗುಳಿಯಾಗಿ ಬಳಸುವುದುಂಟು. ಹಸ್ತಿನಾವತಿಯ ರಂಗದಲ್ಲಿ ಕರ್ಣ ಅರ್ಜುನನನ್ನು ಕರೆದಾಗ ಕೃಪಾಚಾರ್ಯರು ಕೇಳಿದ್ದು ಅವನ ಬಿಲ್ಲಿನ ಬಲವನ್ನಲ್ಲ, ಕುಲವನ್ನು. ಸಮಾನರೊಡನೆ ಮಾತ್ರ ಕಾದಾಟ ಎಂಬ ನಿಯಮ ಅಲ್ಲಿ ಧರ್ಮದ ವೇಷದಲ್ಲಿ ಬಂದ ಅಡ್ಡಗೋಡೆಯಾಯಿತು. ನಮ್ಮ ಕಾಲದಲ್ಲೂ ಇಂಥ ಗೋಡೆಗಳಿವೆ. ೨೦೧೯ರಲ್ಲಿ, ಒಲಿಂಪಿಕ್ಸಿನ ಅರ್ಹತಾ ಪಂದ್ಯಗಳಿಗೆ ಆರು ಬಾರಿ ವಿಶ್ವ ಚಾಂಪಿಯನ್ ಆದ ಮೇರಿ ಕೋಮ್ ಅವರನ್ನು ನೇರವಾಗಿ ಕಳಿಸುವ ಮಾತು ನಡೆದಾಗ, ನಿಜಾಮಾಬಾದಿನ ೨೩ ವರ್ಷದ ನಿಖತ್ ಜರೀನ್ ತನಗೂ ಒಂದು ಅವಕಾಶ ಬೇಕೆಂದು ಕೇಂದ್ರದ ಕ್ರೀಡಾ ಸಚಿವರಿಗೆ ಪತ್ರ ಬರೆದರು. ಹಿರಿಯರಿಗೆ ಅಗೌರವವೆಂದು ಕೆಲವರು ಹುಬ್ಬೇರಿಸಿದರು. ಕೊನೆಗೆ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಆಯ್ಕೆಯ ಪಂದ್ಯ ನಡೆಯಿತು. ನಿಖತ್ ೯-೧ರಿಂದ ಸೋತರು. ಪಂದ್ಯದ ಕೊನೆಗೆ ಹಿರಿಯರು ಕೈ ಕುಲುಕಲೂ ಇಲ್ಲ.

ಸೋತ ಹುಡುಗಿ ಕಳಕೊಂಡದ್ದೇನು? ೨೦೨೨ರ ಮೇ ತಿಂಗಳಲ್ಲಿ ಇಸ್ತಾಂಬುಲಿನಲ್ಲಿ ನಿಖತ್ ವಿಶ್ವ ಚಾಂಪಿಯನ್ ಆದರು. ೨೦೨೩ರಲ್ಲಿ ದೆಹಲಿಯಲ್ಲಿ ಮತ್ತೊಮ್ಮೆ ಆದರು. ಅವರು ಬೇಡಿದ್ದು ಕಳೆಗುಂದಿದ ಹಿರಿಯರ ಹೆಸರನ್ನಲ್ಲ, ಇನ್ನೂ ಗೆಲ್ಲಬಲ್ಲ ಹಿರಿಯರ ಎದುರು ನಿಲ್ಲುವ ಹಕ್ಕನ್ನು. ಆ ಸೋಲಿನಲ್ಲಿ ನಾಚಿಕೆಗೆ ಎಡೆಯಿರಲಿಲ್ಲ. ಮೇರಿ ಕೋಮ್ ಅವರಿಗೂ ಆ ಪಂದ್ಯದಿಂದ ಮಾನ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ತಮ್ಮ ಸ್ಥಾನ ಹಳೆಯ ಪುಣ್ಯದಿಂದ ಬಂದದ್ದಲ್ಲವೆಂದು ಅವರು ಎಲ್ಲರೆದುರು ತೋರಿಸಿದರು.

ಹಾಗಾದರೆ ಅಳತೆಗೋಲು ಯಾವುದು? ವಯಸ್ಸಂತೂ ಅಲ್ಲವೆಂದು ಫೋರ್‌ಮನ್ ತೋರಿಸಿದ. ಬಿರುದೂ ಅಲ್ಲ. ಜೋಡಿ ಕಟ್ಟುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ರಾತ್ರಿ, ಈ ಕಣದಲ್ಲಿ, ಈ ಹಿರಿಯ ಗೆಲ್ಲಲು ಸಾಧ್ಯವೇ? ಸಾಧ್ಯವಿದ್ದರೆ ಹುಡುಗನನ್ನು ಕಳಿಸಲಿ. ಗೆದ್ದರೆ ಹೆಸರು, ಸೋತರೆ ವಿದ್ಯೆ. ಸಾಧ್ಯವಿಲ್ಲವೆಂದು ತಿಳಿದೂ ಕಳಿಸಿದರೆ ಅವನು ಪಂದ್ಯ ಏರ್ಪಡಿಸುತ್ತಿಲ್ಲ, ಹಳೆಯ ಹೆಸರೊಂದನ್ನು ಹರಾಜು ಹಾಕುತ್ತಿದ್ದಾನೆ.

ಜೋಡಿ ಕಟ್ಟುವುದು ಎಂಬ ಮಾತು ನಮ್ಮ ಮೈಸೂರಿನದು. ದಸರೆಯ ಕುಸ್ತಿಗೆ ಮುಂಚೆ ಊರೂರುಗಳಿಂದ ಬಂದ ಪೈಲ್ವಾನರನ್ನು ಸೇರಿಸಿ, ಅನುಭವಸ್ಥರಾದ ಹಿರಿಯರು ಮೈಕಟ್ಟು, ತೂಕ, ಪಳಗಿದ ಮಟ್ಟ ನೋಡಿ ಯಾರಿಗೆ ಯಾರು ಸಮನೆಂದು ಗೊತ್ತು ಮಾಡುತ್ತಾರೆ. ಕುಸ್ತಿಗಿಂತ ಈ ಕೆಲಸವೇ ಕಷ್ಟ. ತಪ್ಪು ಜೋಡಿ ಕಟ್ಟಿದರೆ ಕಣದಲ್ಲಿ ಏನು ನಡೆದರೂ ಅದು ಕುಸ್ತಿಯಾಗುವುದಿಲ್ಲ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ ಇನ್ನೂ ಉಗ್ರವಾದದ್ದು. ಆದರೆ ಅಲ್ಲಿಯೂ ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ. ನಿಲ್ಲಿಸುವ ಅಧಿಕಾರ ಕಾದುವವರ ಹಟಕ್ಕೆ ಬಿಟ್ಟದ್ದಲ್ಲ. ಏಕೆಂದರೆ ವೀರನಾದವನು ತಾನಾಗಿ ಸಾಕೆನ್ನುವುದಿಲ್ಲ. ಅವನ ಪರವಾಗಿ ಸಾಕೆನ್ನಲು ಇನ್ನೊಬ್ಬ ಬೇಕು. ಅಲಿಗೆ ಡಂಡೀ ಇದ್ದ, ಆದರೆ ಸಾಕು ಎನ್ನುವ ಹೊತ್ತಿಗೆ ಹತ್ತು ಸುತ್ತು ಕಳೆದಿತ್ತು.

ಹೊಣೆ ಜೋಡಿ ಕಟ್ಟುವವನದೊಂದೇ ಅಲ್ಲ. ಭಾಗವತದಲ್ಲಿ ಕಂಸನ ಮಲ್ಲರಂಗದ ಪ್ರಸಂಗ ಎಲ್ಲರಿಗೂ ಗೊತ್ತು. ಬೆಟ್ಟದಂಥ ಚಾಣೂರ ಮುಷ್ಟಿಕರು ಕೃಷ್ಣ ಬಲರಾಮರನ್ನು ಕಾಳಗಕ್ಕೆ ಕರೆಯುತ್ತಾರೆ. ನಾವು ಬಾಲಕರು, ನಮಗೆ ಸಮನಾದವರೊಡನೆ ಕಾದುತ್ತೇವೆ, ಇಲ್ಲವಾದರೆ ಇಲ್ಲಿ ಕುಳಿತಿರುವ ಸಭಿಕರಿಗೆ ಅಧರ್ಮ ತಟ್ಟೀತು ಎಂಬ ಅರ್ಥದ ಮಾತನ್ನು ಕೃಷ್ಣ ಆಡುತ್ತಾನೆ. ಕಾಳಗ ನಡೆದಾಗ ನೋಡಲು ಬಂದ ಹೆಂಗಸರೂ ಹೀಗೆಯೇ ನೊಂದುಕೊಳ್ಳುತ್ತಾರೆ. ವಿಚಿತ್ರ ನೋಡಿ, ಪಾಪ ಹೊಡೆಯುವವನಿಗೆ ಬರುತ್ತದೆಂದು ಅಲ್ಲಿ ಹೇಳಿಲ್ಲ, ನೋಡುವವನಿಗೆ ಬರುತ್ತದೆಂದು ಹೇಳಿದೆ. ಅಂದಿನ ಕಣದಲ್ಲಿ ದುರ್ಬಲರಾಗಿ ಕಂಡವರು ಬಾಲಕರು, ಇಂದಿನ ಕಣದಲ್ಲಿ ವೃದ್ಧರು. ನಿಯಮ ಒಂದೇ. ಟಿಕೆಟಿಗೆ ಹಣ ಕೊಟ್ಟವರಿಲ್ಲದೆ ಹರಾಜು ನಡೆಯುವುದಿಲ್ಲ. ಕಾಫಿ ಲೋಟ ಇಡುತ್ತ ಆ ಸೊಸೆ ಹೇಳಿದ ಮಾತು ಭಾಗವತದ ಮಾತೇ.

ಊರು ಬಿಟ್ಟು ಈ ಮಹಾನಗರಗಳಿಗೆ ಬಂದ ನಮಗೆ ಇದರಲ್ಲಿ ಇನ್ನೊಂದು ಪಾಠವೂ ಉಂಟು. ನಮ್ಮಲ್ಲಿ ಬಹಳ ಮಂದಿ ಗೊತ್ತಿಲ್ಲದ ಭಾಷೆಯಲ್ಲಿ, ನಮಗಿಂತ ಬಲ್ಲವರ ನಡುವೆ, ಸೋಲುತ್ತ ಸೋಲುತ್ತ ನಿಂತು ಕೆಲಸ ಕಲಿತವರು. ಆದರೆ ನಮ್ಮ ಮಕ್ಕಳಿಗೆ ಮಾತ್ರ ಸೋಲಿಲ್ಲದ ದಾರಿ ಹುಡುಕುತ್ತೇವೆ. ಮೂವರೇ ಸ್ಪರ್ಧಿಗಳಿರುವ ಹಾಡಿನ ಸ್ಪರ್ಧೆಯಲ್ಲಿ ಮೂರನೆಯ ಬಹುಮಾನ ಬಂದರೂ ಫೋಟೋ ತೆಗೆಸಿ ಗೋಡೆಗೆ ಹಾಕುತ್ತೇವೆ. ಹಾಗೆಯೇ, ಸ್ವರ ನಡುಗುತ್ತಿರುವ ಹಿರಿಯ ಗಾಯಕರನ್ನು ವೇದಿಕೆಗೆ ಕರೆದು, ಅವರ ಬೆನ್ನಿಗೇ ಹುಡುಗನೊಬ್ಬನನ್ನು ಹಾಡಿಸಿ, "ಹುಡುಗ ಅವರನ್ನೇ ಮೀರಿಸಿದ" ಎಂದು ಪಿಸುಗುಡುತ್ತೇವೆ. ಎರಡೂ ತಪ್ಪು ಜೋಡಿಗಳೇ. ಹಿರಿಯರನ್ನು ಕರೆಯೋಣ, ಅವರಲ್ಲಿ ಇನ್ನೂ ಉಳಿದಿರುವುದಕ್ಕಾಗಿ ಕರೆಯೋಣ. ಹಾಡಲಾಗದಿದ್ದರೆ ಕಲಿಸಲು ಕರೆಯೋಣ. ಜೀವನಕ್ಕೆ ತೊಂದರೆಯಿದ್ದರೆ, ಪೆಟ್ಟು ತಿನ್ನಿಸದೆಯೇ ನೆರವಾಗೋಣ. ಮಕ್ಕಳನ್ನು ಅವರಿಗಿಂತ ಒಂದು ಮೆಟ್ಟಿಲು ಮೇಲಿರುವವರೊಡನೆ ನಿಲ್ಲಿಸೋಣ. ಸೋತು ಬಂದರೆ ಊಟಕ್ಕೆ ಬಡಿಸಿ, ಮರುದಿನ ಮತ್ತೆ ಕಳಿಸೋಣ.

ಆ ಹುಡುಗ ಕೇಳಿದ ಪ್ರಶ್ನೆಗೆ ಅಂದು ನಾವು ಉತ್ತರ ಕೊಡಲಿಲ್ಲ. ಈಗ ಕೊಡಬೇಕೆನಿಸುತ್ತದೆ. ಅದು ಗೆಲುವೋ ಅಲ್ಲವೋ ಎಂದು ತೀರ್ಪುಗಾರರ ಅಂಕಪಟ್ಟಿಯಲ್ಲಿ ಹುಡುಕಬೇಡ ಮಗೂ. ಗೆದ್ದವನು ಒಬ್ಬನೇ ಕೂತಾಗ ಅವನಿಗೆ ಏನನ್ನಿಸಿತೆಂದು ಕೇಳು. ಮಾರ್ಸಿಯಾನೊ ಆ ರಾತ್ರಿ ಅತ್ತದ್ದು ತಾನು ಆರಾಧಿಸಿದವನಿಗಾಗಿ. ಆ ಅಳುವಿನಿಂದಲೇ ಅವನ ಮೇಲೆ ನಮಗೆ ಗೌರವ. ಅಳಬೇಕಾದ ಇನ್ನೂ ಹಲವರು, ಆ ಜೋಡಿ ಕಟ್ಟಿದವರು ಮತ್ತು ಹಣ ಕೊಟ್ಟು ನೋಡಿದವರು, ಅಂದು ನೆಮ್ಮದಿಯಾಗಿ ಮನೆಗೆ ಹೋಗಿ ಮಲಗಿದರು.